ನಾದದಿಂದ ಬೆಳೆದ ಸೊಪ್ಪೂ ಹರಿತಕಾಯ ತ್ಯಾಗವೂ

ಅಷ್ಟಮಿ ಚತುರ್ದಶಿಗಳಂದು ಹರಿತಕಾಯವನ್ನು ತ್ಯಜಿಸುವುದು, ಚಾತುರ್ಮಾಸದಲ್ಲಿ ಸೊಪ್ಪಿನ ಪದಾರ್ಥಗಳನ್ನು ಅಡುಗೆಮನೆಯಿಂದ ದೂರವಿರಿಸುವುದು ದಿಗಂಬರ ಜೈನ ಗೃಹಸ್ಥರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಮೆಂತ್ಯ, ಪಾಲಕ್, ಹರಿವೆ, ಸಬ್ಬಸಿಗೆಗಳು ಸಂತೆಯಲ್ಲಿ ಎಷ್ಟೇ ಎಳೆಯದಾಗಿ, ಎಷ್ಟೇ ಅಗ್ಗವಾಗಿ ದೊರೆತರೂ ಆ ದಿನಗಳಲ್ಲಿ ವ್ರತನಿಷ್ಠಳಾದ ಶ್ರಾವಿಕೆ ಅವುಗಳತ್ತ ಕೈ ಚಾಚುವುದಿಲ್ಲ. ಏಕೆಂದು ಕೇಳಿದರೆ, “ಗಿಡಕ್ಕೂ ಜೀವವುಂಟು, ಎಲೆಯ ಮರೆಯಲ್ಲಿ ಕಣ್ಣಿಗೆ ಕಾಣದ ತ್ರಸಜೀವಗಳೂ ಉಂಟು” ಎಂಬ ಎರಡು ಮಾತಿನ ಉತ್ತರ ಸಿದ್ಧವಾಗಿರುತ್ತದೆ. ಆ ಎರಡು ಮಾತುಗಳಲ್ಲಿ ವ್ರತದ ಸಾರವೆಲ್ಲ ಅಡಗಿದೆಯೆಂದರೆ ತಪ್ಪಾಗಲಾರದು.

ಆದರೆ ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನದ ಕಡೆಯಿಂದ ಬರುತ್ತಿರುವ ಸಮಾಚಾರವೊಂದು ಮನೆಯ ತರುಣರಲ್ಲಿ ಹೊಸ ಶಂಕೆಗಳನ್ನು ಹುಟ್ಟಿಸಿದೆ. ಧ್ವನಿತರಂಗಗಳನ್ನು ಹರಿಯಿಸಿ ಸೊಪ್ಪಿನ ಬೆಳೆಯನ್ನು ಹೆಚ್ಚಿಸಬಹುದು ಎಂಬುದು ಆ ಸಮಾಚಾರ. ಗಿಡವು ನಾದಕ್ಕೆ ಸ್ಪಂದಿಸುವುದಾದರೆ ಅದು ಏಕೇಂದ್ರಿಯ ಜೀವವೆಂಬ ಆಗಮದ ಮಾತು ಉಳಿಯುವುದೆ? ಗಿಡವೂ ನೋವಿನಿಂದ ಕೂಗುವುದಾದರೆ ಸೊಪ್ಪು ತಿನ್ನುವವನಿಗೂ ಮಾಂಸ ತಿನ್ನುವವನಿಗೂ ಭೇದವೇನು? ಸಂಗೀತ ಕೇಳಿಸಿ ಪ್ರೀತಿಯಿಂದ ಬೆಳೆಸಿದ ಸೊಪ್ಪು ಉಳಿದ ಸೊಪ್ಪಿಗಿಂತ ನಿರ್ದೋಷವೆ? ಈ ಮೂರು ಪ್ರಶ್ನೆಗಳನ್ನು ಬಾಲಿಶವೆಂದು ತಳ್ಳಿಹಾಕಿದರೆ ಕೇಳಿದವರ ಶ್ರದ್ಧೆ ಸಡಿಲವಾಗುತ್ತದೆ. ಆದುದರಿಂದ ಮೊದಲು ಸಂಗತಿ ಏನೆಂಬುದನ್ನು ತಿಳಿದು, ಅನಂತರ ವಿಚಾರ ಮಾಡುವುದು ಯೋಗ್ಯ.

ಪ್ರಯೋಗಗಳ ವೃತ್ತಾಂತ

ಗಿಡದ ಮುಂದೆ ವಾದ್ಯ ನುಡಿಸಿ ನೋಡುವ ಕುತೂಹಲ ಹಳೆಯದು. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನಿಂದ ಬಸೂನ್ ಎಂಬ ಊದುವ ವಾದ್ಯವನ್ನು ಮುಟ್ಟಿದರೆ ಮುನಿ ಗಿಡದ ಬಳಿ ನುಡಿಸಿದ್ದುಂಟು. ಗಿಡ ಮಿಸುಕಲಿಲ್ಲ. ಅದೊಂದು ಮರುಳು ಪ್ರಯೋಗವೆಂದು ಡಾರ್ವಿನ್ನನೇ ನಕ್ಕು ಬಿಟ್ಟನು. ನಮ್ಮ ದೇಶದಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು (1858–1937) ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನು ರಚಿಸಿ, ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿದರು. 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಅವರು ವಿಶೇಷವಾಗಿ ಪರೀಕ್ಷಿಸಿದ್ದು ಸ್ಪರ್ಶ, ಶಾಖ, ವಿದ್ಯುತ್ತು, ವಿಷದ್ರವ್ಯ ಮೊದಲಾದವುಗಳಿಗೆ ಗಿಡವು ತೋರುವ ಪ್ರತಿಕ್ರಿಯೆಯನ್ನು. ಈ ಅಂಶ ಮುಂದಿನ ವಿಚಾರಕ್ಕೆ ಬೇಕಾಗುವುದರಿಂದ ವಾಚಕರು ನೆನಪಿನಲ್ಲಿಡಬೇಕು.

1950ರ ದಶಕದಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಟಿ. ಸಿ. ಎನ್. ಸಿಂಗರು ಪಿಟೀಲಿನ ನಾದವನ್ನು ಬಾಲ್ಸಮ್ ಹಾಗೂ ಮುಟ್ಟಿದರೆ ಮುನಿ ಗಿಡಗಳಿಗೆ ಕೇಳಿಸಿ, ಅವುಗಳ ಎಲೆಗಳಲ್ಲಿ ಆದ ವ್ಯತ್ಯಾಸಗಳನ್ನು ವರದಿ ಮಾಡಿದರು. 1973ರಲ್ಲಿ ಅಮೆರಿಕೆಯಲ್ಲಿ ಡೊರೊಥಿ ರೆಟಾಲಾಕ್ ಎಂಬವರು ಸಂಗೀತ ಮತ್ತು ಗಿಡಗಳ ಕುರಿತು ಪುಸ್ತಕ ಬರೆದರು. ಅದೇ ವರ್ಷ ಟಾಂಪ್‌ಕಿನ್ಸ್ ಮತ್ತು ಬರ್ಡ್ ಎಂಬ ಇಬ್ಬರು ಲೇಖಕರು ಸಸ್ಯಗಳ ಗುಪ್ತಜೀವನದ ಬಗೆಗೆ ಬರೆದ ಪುಸ್ತಕ ಲೋಕದಲ್ಲೆಲ್ಲ ಪ್ರಚಾರ ಪಡೆಯಿತು. ಗಿಡವು ಮನುಷ್ಯನ ಮನಸ್ಸನ್ನೇ ಅರಿಯುತ್ತದೆಂದು ಹೇಳುವವರೆಗೂ ಉತ್ಸಾಹ ಏರಿತು. ಆದರೆ 1975ರಲ್ಲಿ ಬೇರೆ ವಿಜ್ಞಾನಿಗಳು ಆ ಬಗೆಯ ಪ್ರಯೋಗವನ್ನು ಕಟ್ಟುನಿಟ್ಟಾಗಿ ಮತ್ತೆ ಮಾಡಿ ನೋಡಿದಾಗ ಹೇಳಿದ ಫಲ ದೊರೆಯಲಿಲ್ಲ. ಧ್ವನಿವರ್ಧಕದಿಂದ ಹೊಮ್ಮುವ ಅಲ್ಪ ಶಾಖವೂ ಗಿಡದ ಬೆಳವಣಿಗೆಯನ್ನು ಬದಲಿಸಬಲ್ಲದು. ನಾದ ಕೇಳಿಸಲು ದಿನವೂ ಬಳಿಗೆ ಬರುವವನು ತಿಳಿಯದೆಯೇ ಆ ಗಿಡಕ್ಕೆ ಹೆಚ್ಚಿನ ಆರೈಕೆಯನ್ನೂ ಮಾಡಬಹುದು. ಇವನ್ನು ಬೇರ್ಪಡಿಸದ ಪ್ರಯೋಗಕ್ಕೆ ಬೆಲೆಯಿಲ್ಲ.

ಆ ಉತ್ಸಾಹವು ಇಳಿದ ಬಳಿಕ ನಡೆದ ಕೆಲಸ ಹೆಚ್ಚು ಗಂಭೀರವಾದುದು. ಚೀನಾ ದೇಶದಲ್ಲಿ ರಾಗ ತಾಳಗಳ ಗೊಡವೆಯಿಲ್ಲದೆ, ನಿಶ್ಚಿತ ಕಂಪನಸಂಖ್ಯೆಯ ಧ್ವನಿಯನ್ನು ಹೊಲಕ್ಕೂ ಹಸಿರುಮನೆಗೂ ಹಾಯಿಸುವ ಯಂತ್ರಗಳು ಬಳಕೆಗೆ ಬಂದವು. ಅಲ್ಲಿ ಉಪಯೋಗಿಸಿದ ಧ್ವನಿ ಸುಮಾರು 100ರಿಂದ 1,000 ಹರ್ಟ್ಸಿನೊಳಗಿನದು. ಅದರ ಬಲ 70 ಡೆಸಿಬೆಲ್ಲಿನಷ್ಟು. ಯಂತ್ರದಿಂದ 30ರಿಂದ 60 ಮೀಟರುಗಳ ವ್ಯಾಪ್ತಿಯಲ್ಲಿ ದಿನ ಬಿಟ್ಟು ದಿನ ಮೂರು ಗಂಟೆಗಳ ಕಾಲ ಅದನ್ನು ಹರಿಯಿಸುತ್ತಿದ್ದರು. ಬೀಜಿಂಗಿನ ಚೀನಾ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಪಾಲಕ್ ಸೊಪ್ಪಿನ ಇಳುವರಿ ಶೇಕಡ 22.7ರಷ್ಟು, ಲೆಟ್ಯೂಸ್ ಸೊಪ್ಪಿನದು ಶೇಕಡ 19.6ರಷ್ಟು ಹೆಚ್ಚಿತೆಂದು ವರದಿಯಾಗಿದೆ. ಸಸ್ಯಹೇನು, ಜೇಡನುಸಿ ಮತ್ತು ಕೆಲವು ರೋಗಗಳ ಬಾಧೆ ಅಲ್ಪಸ್ವಲ್ಪ ತಗ್ಗಿತೆಂದೂ ಅದರಲ್ಲಿದೆ. ಈ ಅಂಕಿಗಳು ಎಲ್ಲ ನೆಲದಲ್ಲೂ ಎಲ್ಲ ತಳಿಗಳಲ್ಲೂ ಹಾಗೆಯೇ ನಿಲ್ಲುವವೆಂದು ತಿಳಿಯಬಾರದು. ಆದರೂ ಧ್ವನಿಗೆ ಸಸ್ಯದ ಮೇಲೆ ಪರಿಣಾಮವೇ ಇಲ್ಲವೆಂದು ಹೇಳುವ ಕಾಲ ಕಳೆದುಹೋಗಿದೆ.

ಇನ್ನು ಮೂರು ಶೋಧನೆಗಳು ಗಮನಾರ್ಹವಾದವು. 2014ರಲ್ಲಿ ಅಮೆರಿಕೆಯ ಮಿಸೌರಿ ವಿಶ್ವವಿದ್ಯಾಲಯದ ಹೈಡಿ ಆಪೆಲ್ ಮತ್ತು ರೆಕ್ಸ್ ಕಾಕ್ರಾಫ್ಟ್ ಎಂಬವರು ಸಾಸಿವೆಯ ಬಳಗದ ಒಂದು ಪುಟ್ಟ ಗಿಡದ ಮೇಲೆ ಕಂಬಳಿಹುಳು ಎಲೆಯನ್ನು ಕಡಿದು ತಿನ್ನುವಾಗ ಉಂಟಾಗುವ ಕಂಪನವನ್ನು ದಾಖಲಿಸಿಕೊಂಡರು. ಹುಳುವಿಲ್ಲದ ಗಿಡದ ಎಲೆಗೆ ಪುಟ್ಟ ಸಾಧನದ ಮೂಲಕ ಅದೇ ಕಂಪನವನ್ನು ಕೊಟ್ಟರು. ಆಮೇಲೆ ನಿಜವಾದ ಹುಳುಗಳನ್ನು ಬಿಟ್ಟಾಗ, ಕಂಪನವನ್ನು ಮೊದಲೇ ಅನುಭವಿಸಿದ್ದ ಗಿಡವು ಸಾಸಿವೆಯ ಘಾಟಿಗೆ ಕಾರಣವಾದ ರಕ್ಷಕ ರಸಗಳನ್ನು ಹೆಚ್ಚಾಗಿ ಉತ್ಪಾದಿಸಿತು. ಗಾಳಿಯ ಕಂಪನಕ್ಕಾಗಲಿ ಬೇರೊಂದು ಕೀಟದ ಹಾಡಿನ ಕಂಪನಕ್ಕಾಗಲಿ ಗಿಡ ಹೀಗೆ ನಡೆದುಕೊಳ್ಳಲಿಲ್ಲ. 2019ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಲಿಲಾಕ್ ಹದಾನಿ ಮತ್ತು ಅವರ ಸಂಗಡಿಗರು, ಜೇನುಹುಳುವಿನ ರೆಕ್ಕೆಯ ಸದ್ದು ಕೇಳಿಸಿದ ಮೂರು ನಿಮಿಷಗಳೊಳಗೆ ಒಂದು ಜಾತಿಯ ಹೂವಿನ ಮಕರಂದದಲ್ಲಿ ಸಕ್ಕರೆಯ ಅಂಶ ಹೆಚ್ಚುವುದೆಂದು ತೋರಿಸಿದರು. 2023ರಲ್ಲಿ ಅದೇ ತಂಡವು ನೀರಿಲ್ಲದೆ ಒಣಗಿದ ಅಥವಾ ಕಾಂಡ ಕತ್ತರಿಸಿದ ಟೊಮ್ಯಾಟೊ ಹಾಗೂ ಹೊಗೆಸೊಪ್ಪಿನ ಗಿಡಗಳು ಗಂಟೆಗೆ ಹತ್ತಾರು ಬಾರಿ ಚಿಟಿಕೆಯಂತಹ ಸದ್ದು ಹೊರಡಿಸುವುದನ್ನು ದಾಖಲಿಸಿತು. ಸುಖವಾಗಿರುವ ಗಿಡದಿಂದ ಗಂಟೆಗೆ ಒಂದು ಸದ್ದೂ ಬರುವುದು ಅಪರೂಪ. ಆ ಸದ್ದಿನ ಕಂಪನಸಂಖ್ಯೆ 40,000ದಿಂದ 80,000 ಹರ್ಟ್ಸ್. ಮನುಷ್ಯನ ಕಿವಿ 20,000ವನ್ನು ದಾಟಿ ಕೇಳಲಾರದು.

ಮೊದಲನೆಯ ಶಂಕೆ: ಗಿಡಕ್ಕೆ ಶ್ರೋತ್ರೇಂದ್ರಿಯವುಂಟೆ?

ಆಗಮದಲ್ಲಿ ಇಂದ್ರಿಯಗಳ ಕ್ರಮ ಸ್ಪಷ್ಟವಾಗಿದೆ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಎಂಬ ಐದು ಸ್ಥಾವರಗಳಿಗೆ ಸ್ಪರ್ಶನೇಂದ್ರಿಯವೊಂದೇ. ದ್ವೀಂದ್ರಿಯಕ್ಕೆ ರಸನವೂ, ತ್ರೀಂದ್ರಿಯಕ್ಕೆ ಘ್ರಾಣವೂ, ಚತುರಿಂದ್ರಿಯಕ್ಕೆ ಚಕ್ಷುವೂ ಸೇರುತ್ತವೆ. ಶ್ರೋತ್ರವು ಕೊನೆಯದು, ಅದು ಪಂಚೇಂದ್ರಿಯ ಜೀವಕ್ಕೆ ಮಾತ್ರ ಉಂಟು. ಹಾಗಾದರೆ ಮೊದಲ ಮೆಟ್ಟಿಲಲ್ಲಿರುವ ವನಸ್ಪತಿಯು ನಡುವಿನ ಮೂರು ಮೆಟ್ಟಿಲುಗಳನ್ನು ಹಾರಿ ಐದನೆಯದಕ್ಕೆ ಬಂದುದು ಹೇಗೆ?

ಉತ್ತರವು ‘ಕೇಳುವುದು’ ಎಂಬ ಮಾತನ್ನು ಯಾವ ಅರ್ಥದಲ್ಲಿ ಬಳಸಲಾಗಿದೆ ಎಂಬುದನ್ನು ಅವಲಂಬಿಸಿದೆ. ಧ್ವನಿಯೆಂದರೆ ಗಾಳಿಯಲ್ಲೋ ನೀರಿನಲ್ಲೋ ಮರದಲ್ಲೋ ಹರಿಯುವ ಕಂಪನ, ಒತ್ತಡದ ಏರಿಳಿತ. ಅದು ಎಲೆಯನ್ನು ತಾಕಿದಾಗ ಎಲೆ ಕಣ್ಣಿಗೆ ಕಾಣದಷ್ಟು ಅದುರುತ್ತದೆ. ಅದುರಿದ ಜೀವಕೋಶದ ಪೊರೆ ಹಿಗ್ಗಿ ಕುಗ್ಗಿದಾಗ ಅದರಲ್ಲಿರುವ ಸೂಕ್ಷ್ಮದ್ವಾರಗಳು ತೆರೆದು ಕ್ಯಾಲ್ಸಿಯಂ ಒಳಕ್ಕೆ ಬರುವುದೆಂದೂ, ಅಲ್ಲಿಂದ ಮುಂದಿನ ಬದಲಾವಣೆಗಳು ಮೊದಲಾಗುವುವೆಂದೂ ವಿಜ್ಞಾನಿಗಳು ವಿವರಿಸುತ್ತಾರೆ. ಗಾಳಿ ಬೀಸಿದಾಗಲೂ, ಕೈ ಸವರಿದಾಗಲೂ ಗಿಡದೊಳಗೆ ನಡೆಯುವ ವ್ಯಾಪಾರ ಬಹುಮಟ್ಟಿಗೆ ಇದೇ. ಮಿಸೌರಿಯ ಪ್ರಯೋಗದಲ್ಲಂತೂ ಗಾಳಿಯ ಮೂಲಕ ಸದ್ದನ್ನು ಹಾಯಿಸಿಯೇ ಇರಲಿಲ್ಲ. ಎಲೆಯನ್ನು ತಾಕಿ ನಿಂತ ಸಾಧನವು ನೇರವಾಗಿ ಅದನ್ನು ಅದುರಿಸಿತು. ಅದನ್ನು ಶ್ರವಣವೆನ್ನುವುದಕ್ಕಿಂತ ಸ್ಪರ್ಶವೆನ್ನುವುದೇ ಸರಿ. ಕನ್ನಡಿಗರು ಆ ಮುಳ್ಳುಗಿಡಕ್ಕೆ ‘ಮುಟ್ಟಿದರೆ ಮುನಿ’ ಎಂದು ಹೆಸರಿಟ್ಟರು. ಗಿಡದ ಸ್ವಭಾವವನ್ನು ಸ್ಪರ್ಶದಿಂದಲೇ ಗುರುತಿಸಿದ ಹೆಸರು ಅದು.

ಇಲ್ಲಿ ಜೈನ ತತ್ತ್ವದ ಒಂದು ಮಾತು ವಿಶೇಷವಾಗಿ ಸಹಾಯಕ್ಕೆ ಬರುತ್ತದೆ. ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳಿದರು. ಜೈನಾಚಾರ್ಯರು ಅದನ್ನು ಒಪ್ಪದೆ ಶಬ್ದವು ಪುದ್ಗಲದ ಪರ್ಯಾಯವೆಂದು ಪ್ರತಿಪಾದಿಸಿದರು. ಪುದ್ಗಲಕ್ಕೆ ಸ್ಪರ್ಶಗುಣವುಂಟು, ಆದುದರಿಂದ ಶಬ್ದವು ಶರೀರವನ್ನು ತಾಕಬಲ್ಲದು, ತಳ್ಳಬಲ್ಲದು. ಸಿಡಿಲಿನ ಸದ್ದಿಗೆ ಮನೆಯ ಕಿಟಕಿ ಅದುರುವುದನ್ನು ನೋಡಿದವರಿಗೆ ಇದು ಸ್ವಾನುಭವವೇ. ಕಿಟಕಿ ಅದುರಿತೆಂದು ಅದಕ್ಕೆ ಕಿವಿಯಿದೆಯೆಂದು ಯಾರೂ ಹೇಳುವುದಿಲ್ಲ. ಶ್ರೋತ್ರವೆನ್ನಬೇಕಾದರೆ ನಿರ್ವೃತ್ತಿ, ಉಪಕರಣಗಳೆಂಬ ದ್ರವ್ಯೇಂದ್ರಿಯವೂ ಲಬ್ಧಿ, ಉಪಯೋಗಗಳೆಂಬ ಭಾವೇಂದ್ರಿಯವೂ ಬೇಕು. ಶಬ್ದವನ್ನು ಶಬ್ದವೆಂದು ಅರಿಯುವ ಈ ಸಾಮರ್ಥ್ಯ ಗಿಡಕ್ಕೆ ಇದೆಯೆಂದು ಯಾವ ಪ್ರಯೋಗವೂ ತೋರಿಲ್ಲ.

ಆದರೂ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೇಲಿನ ವಿವರಣೆಯನ್ನು ಹಿಡಿದುಕೊಂಡು, “ನೋಡಿರಿ, ವಿಜ್ಞಾನವು ಆಗಮವನ್ನು ಸಿದ್ಧಮಾಡಿತು” ಎಂದು ಡಂಗುರ ಸಾರುವ ಚಪಲ ಕೆಲವರಿಗೆ ಉಂಟು. ಪ್ರಯೋಗಶಾಲೆಯ ಮಾತು ಇಂದು ಒಂದು, ನಾಳೆ ಇನ್ನೊಂದು. ಅದರ ದೌರ್ಬಲ್ಯವೆನಿಸುವ ಈ ಬದಲಾವಣೆಯೇ ಅದರ ಪ್ರಾಮಾಣಿಕತೆಯೂ ಹೌದು. ಇಂದಿನ ಪ್ರಯೋಗಕ್ಕೆ ಶ್ರದ್ಧೆಯನ್ನು ಕಟ್ಟಿದವನು ನಾಳೆ ಆ ಪ್ರಯೋಗ ಬಿದ್ದಾಗ ಶ್ರದ್ಧೆಯನ್ನೂ ಕಳೆದುಕೊಳ್ಳಬೇಕಾಗುತ್ತದೆ. ವಿಜ್ಞಾನದ ಮಾತು ಆಗಮಕ್ಕೆ ವಿರುದ್ಧವಾಗಿಲ್ಲವೆಂದು ತಿಳಿದುಕೊಂಡರೆ ಸಾಕು. ವ್ರತಕ್ಕೆ ಅದರಿಂದ ಪ್ರಮಾಣಪತ್ರ ಬೇಕಾಗಿಲ್ಲ.

ಎರಡನೆಯ ಶಂಕೆ: ಗಿಡವೂ ಕೂಗುವುದಾದರೆ ಭೇದವೇನು?

ಕತ್ತರಿಸಿದ ಗಿಡದ ಸದ್ದಿನ ಸಮಾಚಾರ ಪತ್ರಿಕೆಗಳಲ್ಲಿ ‘ಗಿಡದ ಆಕ್ರಂದನ’ ಎಂಬ ಶೀರ್ಷಿಕೆಯಿಂದ ಹರಡಿತು. ಕಾಲೇಜಿಗೆ ಹೋಗುವ ಹುಡುಗನೊಬ್ಬನಿಗೆ ಸಹಪಾಠಿಗಳು, “ನೀವು ಬಿಡುವ ಮಾಂಸಕ್ಕೂ ತಿನ್ನುವ ಸೊಪ್ಪಿಗೂ ಏನು ವ್ಯತ್ಯಾಸ? ಎರಡೂ ಕೂಗುತ್ತವೆ” ಎಂದು ಹಾಸ್ಯ ಮಾಡಿದರೆ, ಅವನು ಮನೆಗೆ ಬಂದು ತಾಯಿಯನ್ನು ಕೇಳುವುದು ಸಹಜ. ತಾಯಿಯ ಬಳಿ ಉತ್ತರವಿಲ್ಲದಿದ್ದರೆ ನಷ್ಟವಾಗುವುದು ಒಂದು ದಿನದ ವ್ರತವಷ್ಟೇ ಅಲ್ಲ.

ಆ ಸದ್ದು ಬರುವ ಕಾರಣ ಹೆಚ್ಚಾಗಿ ಭೌತಿಕವಾದುದು. ನೀರು ಮೇಲೇರುವ ಸೂಕ್ಷ್ಮನಾಳಗಳಲ್ಲಿ ಎಳೆತ ಮಿತಿಮೀರಿದಾಗ ಗಾಳಿಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆ ಒಡೆತವೇ ಸದ್ದಿನ ಮೂಲವೆಂದು ಸಂಶೋಧಕರು ಊಹಿಸಿದ್ದಾರೆ. ಅದನ್ನು ಅಳು ಎಂದು ಕರೆಯುವುದು ಕವಿಯ ಮಾತು, ಪರೀಕ್ಷಕನ ಮಾತಲ್ಲ. ಆದರೆ ಗಿಡ ಅಳುವುದಿಲ್ಲವಾದುದರಿಂದ ಅದಕ್ಕೆ ದುಃಖವಿಲ್ಲ ಎಂದು ಜೈನನು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಸ್ಥಾವರಜೀವಗಳಿಗೆ ಕರ್ಮಫಲ ಚೇತನೆಯುಂಟೆಂದು ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ತಿಳಿಸಿದ್ದಾರೆ. ಅವು ಕರ್ಮದ ಫಲವಾದ ಸುಖದುಃಖಗಳನ್ನು ಅನುಭವಿಸುತ್ತವೆ. ಅನುಭವಿಸಿದ್ದನ್ನು ಹೇಳಲಾರವು, ಓಡಿ ತಪ್ಪಿಸಿಕೊಳ್ಳಲಾರವು. ಆದುದರಿಂದ ‘ಗಿಡಕ್ಕೂ ನೋವುಂಟು’ ಎಂಬ ಮಾತು ಜೈನ ಮನೆಗೆ ಹೊಸ ಸುದ್ದಿಯಲ್ಲ. ಹರಿತಕಾಯ ತ್ಯಾಗವು ಹುಟ್ಟಿದ್ದೇ ಆ ತಿಳಿವಿನಿಂದ. ಯಾವುದನ್ನು ವ್ರತದ ವಿರುದ್ಧ ವಾದವೆಂದು ಒಡ್ಡುತ್ತಾರೋ ಅದೇ ವ್ರತದ ಕಾರಣವಾಗಿದೆ.

ಇನ್ನು ಭೇದದ ಮಾತು. ಏಕೇಂದ್ರಿಯ ಜೀವಕ್ಕೆ ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಉಚ್ಛ್ವಾಸನಿಃಶ್ವಾಸ ಎಂಬ ನಾಲ್ಕು ಪ್ರಾಣಗಳು. ದ್ವೀಂದ್ರಿಯಕ್ಕೆ ಆರು, ಹಾಗೆಯೇ ಏರುತ್ತ ಹೋಗಿ ಮನಸ್ಸುಳ್ಳ ಪಂಚೇಂದ್ರಿಯಕ್ಕೆ ಹತ್ತು. ಹೆಚ್ಚು ಪ್ರಾಣಗಳುಳ್ಳ ಜೀವವನ್ನು ಕೊಲ್ಲಲು ಮನುಷ್ಯನು ತನ್ನೊಳಗಿನ ದಯೆಯನ್ನು ಹೆಚ್ಚು ಬಲವಾಗಿ ಅದುಮಬೇಕಾಗುತ್ತದೆ. ಓಡುವ, ಕೂಗುವ, ಕಣ್ಣಿನಿಂದ ನೋಡಿ ಬೇಡುವ ಪ್ರಾಣಿಯ ಮುಂದೆ ಕತ್ತಿಯೆತ್ತುವವನ ಕಷಾಯ ಎಂತಹುದು, ಸೊಪ್ಪು ಸೋಸುವವಳ ಭಾವ ಎಂತಹುದು ಎಂಬುದನ್ನು ತೂಗಿ ನೋಡಿದರೆ ಭೇದ ತಿಳಿಯುತ್ತದೆ. ಇದಲ್ಲದೆ, ಮಾಂಸಕ್ಕಾಗಿ ಸಾಕಿದ ಪ್ರಾಣಿ ಬದುಕಿರುವಷ್ಟು ಕಾಲ ಹುಲ್ಲು ಕಾಳುಗಳನ್ನು ತಿಂದೇ ಬೆಳೆಯುತ್ತದೆ. ಆದುದರಿಂದ ಮಾಂಸ ತಿನ್ನುವವನು ಪ್ರಾಣಿಯ ಜೊತೆಗೆ ವನಸ್ಪತಿಯ ಹಿಂಸೆಯನ್ನೂ ಹೆಚ್ಚಾಗಿಯೇ ಹೊರುತ್ತಾನೆ. ಗಿಡದ ಮೇಲೆ ನಿಜವಾದ ಮರುಕವುಳ್ಳವನು ಕಡಿಮೆ ಹಿಂಸೆಯತ್ತ ನಡೆಯುತ್ತಾನೆ. ‘ಎಲ್ಲವೂ ಹಿಂಸೆಯೇ, ಆದುದರಿಂದ ಯಾವುದನ್ನೂ ಬಿಡಬೇಕಾಗಿಲ್ಲ’ ಎನ್ನುವವನ ಮಾತಿನಲ್ಲಿ ಮರುಕವಿಲ್ಲ, ನೆಪವಿದೆ.

ಮೂರನೆಯ ಶಂಕೆ: ನಾದದ ಸೊಪ್ಪು ನಿರ್ದೋಷವೆ?

ಇದು ಮೂರರಲ್ಲಿ ಹೆಚ್ಚು ಸೂಕ್ಷ್ಮವಾದುದು. ಬೇಸಾಯ ಮಾಡುವ ಒಬ್ಬ ಶ್ರಾವಕನಿದ್ದಾನೆಂದು ಭಾವಿಸೋಣ. ಆದಿನಾಥ ಸ್ವಾಮಿಯು ಬೋಧಿಸಿದ ಷಟ್ಕರ್ಮಗಳಲ್ಲಿ ಕೃಷಿಯೂ ಒಂದು. ಅದರಲ್ಲಿ ಆಗುವ ಹಿಂಸೆ ಉದ್ಯೋಗೀ ಹಿಂಸೆ, ಸಂಕಲ್ಪೀ ಹಿಂಸೆಯಲ್ಲ. ಅವನ ಹಸಿರುಮನೆಗೆ ಧ್ವನಿಯಂತ್ರವನ್ನು ಇರಿಸಿದರೆ ಪಾಲಕ್ ಹೆಚ್ಚು ಬರುವುದೆಂದು ಮಾರಾಟಗಾರ ಹೇಳುತ್ತಾನೆ. ಅವನು ಏನು ಮಾಡಬೇಕು?

ಪರವಾದ ಮಾತುಗಳಿವೆ, ಅವುಗಳಿಗೆ ತೂಕವೂ ಇದೆ. ಸೊಪ್ಪಿನ ಹೊಲಕ್ಕೆ ವಿಷ ಸಿಂಪಡಿಸಿದಾಗ ಸಾಯುವುದು ಅಸಂಖ್ಯ ತ್ರಸಜೀವಗಳು. ಗಿಡವು ತನ್ನ ರಕ್ಷಣೆಯ ಶಕ್ತಿಯನ್ನು ಹೆಚ್ಚಿಸಿಕೊಂಡು ಒಂದು ಸಿಂಪರಣೆಯಾದರೂ ತಪ್ಪಿದರೆ ಅಷ್ಟು ಹಿಂಸೆ ಕಡಿಮೆಯಾಯಿತು. ವಿಷದ ಬದಲಿಗೆ ಧ್ವನಿಯನ್ನು ಆರಿಸಿಕೊಳ್ಳುವುದು ವಿವೇಕವೇ ಸರಿ. ಇಳುವರಿ ಹೆಚ್ಚಿದರೆ ಕಡಿಮೆ ನೆಲವನ್ನು ಉತ್ತರೂ ಸಾಕಾಗುತ್ತದೆ, ಪೃಥ್ವೀಕಾಯ ಜಲಕಾಯಗಳ ಆರಂಭವೂ ತಗ್ಗುತ್ತದೆ ಎಂಬುದು ಇನ್ನೊಂದು ಮಾತು. ಆದರೆ ಇದು ನಿಜವಾಗಬೇಕಾದರೆ ಬೇಸಾಯಗಾರನು ಇಷ್ಟೇ ಸಾಕೆಂದು ಮೊದಲೇ ಪರಿಮಾಣ ಮಾಡಿಕೊಂಡಿರಬೇಕು. ಐದನೆಯ ಒಂದು ಭಾಗ ಹೆಚ್ಚು ಬಂದಾಗ ಆರನೆಯ ಒಂದು ಭಾಗ ನೆಲವನ್ನು ಬೀಳುಬಿಡುವವನು ವಿರಳ. ಅದೇ ನೆಲದಲ್ಲಿ ಹೆಚ್ಚು ಬೆಳೆದು ಇನ್ನಷ್ಟು ನೆಲ ಕೊಳ್ಳುವವನೇ ಹೆಚ್ಚು. ಹಿಂಸೆ ಕಡಿಮೆಯಾಗುವುದೋ ಹೆಚ್ಚುವುದೋ ಎಂಬುದನ್ನು ನಿರ್ಧರಿಸುವುದು ಯಂತ್ರವಲ್ಲ, ಪರಿಗ್ರಹ ಪರಿಮಾಣ ವ್ರತ.

ವಿರುದ್ಧವಾದ ಮಾತುಗಳನ್ನೂ ನೋಡಬೇಕು. ಧ್ವನಿಯು ಬೇಲಿಯನ್ನು ಅರಿಯದು. ಗಿಡಕ್ಕೆಂದು ಹರಿಯಿಸಿದ ಸದ್ದು ಹತ್ತಿರದ ಮರದಲ್ಲಿ ಗೂಡು ಕಟ್ಟಿದ ಹಕ್ಕಿಗೂ, ಹೂವಿಗೆ ಬಂದ ಜೇನಿಗೂ, ಕಟ್ಟೆಯ ಕಪ್ಪೆಗೂ ತಟ್ಟುತ್ತದೆ. ಗಿಡದ ಬೆಳವಣಿಗೆಗಾಗಿ ನಿಜವಾಗಿ ಕಿವಿಯುಳ್ಳ ಜೀವಗಳನ್ನು ಬಾಧಿಸಿದರೆ ಅದು ಪ್ರಮಾದಚರ್ಯೆ. ಅನರ್ಥದಂಡ ವ್ರತಕ್ಕೆ ಅತಿಚಾರ ಬರದಂತೆ ನೋಡಿಕೊಳ್ಳಬೇಕು. ಎರಡನೆಯದು ಇನ್ನೂ ಆಳವಾದುದು. ಕಂಬಳಿಹುಳು ಕಡಿಯುವ ಕಂಪನವನ್ನು ಕೃತ್ರಿಮವಾಗಿ ಕೊಟ್ಟಾಗ ಗಿಡವು ರಕ್ಷಕ ರಸವನ್ನು ಹೆಚ್ಚಿಸಿಕೊಂಡದ್ದು ಸಂತೋಷದಿಂದಲ್ಲ. ತನ್ನ ಮೈಮೇಲೆ ಆಕ್ರಮಣ ನಡೆದಾಗ ಮಾಡುವ ಕೆಲಸವನ್ನೇ ಅದು ಮಾಡಿತು. ಬೆಳೆಯ ಮೇಲೆ ಇಂತಹ ಕಂಪನವನ್ನು ಪ್ರಯೋಗಿಸುವವನು ಹಾಡು ಕೇಳಿಸುತ್ತಿಲ್ಲ, ಹೆದರಿಕೆ ಹುಟ್ಟಿಸುತ್ತಿದ್ದಾನೆ ಎಂದರೂ ಮಾತು ಹೆಚ್ಚಾಗದು. ವಿಷದಿಂದ ಆಗುವ ತ್ರಸಹಿಂಸೆಗೆ ಹೋಲಿಸಿದರೆ ಇದು ಅಲ್ಪವೆಂದು ಗೃಹಸ್ಥನು ಆರಿಸಿಕೊಳ್ಳಬಹುದು. ಆದರೆ ಅದನ್ನು ಪ್ರೀತಿಯೆಂದು ಕರೆಯಬಾರದು. ಅಂತಹ ಸೊಪ್ಪನ್ನು ‘ಅಹಿಂಸೆಯ ಸೊಪ್ಪು’ ಎಂದು ಹೆಸರಿಟ್ಟು ಮಾರಿದರೆ ಅಹಿಂಸಾಣುವ್ರತದ ಜೊತೆಗೆ ಸತ್ಯಾಣುವ್ರತಕ್ಕೂ ಹಾನಿ.

ಲೇಶ್ಯಾವೃಕ್ಷದ ಕೆಳಗೆ

ಈ ವಿಚಾರವನ್ನು ಒಂದು ಪರಿಚಿತ ದೃಷ್ಟಾಂತದ ಬೆಳಕಿನಲ್ಲಿ ನೋಡಬಹುದು. ಬಸದಿಗಳಲ್ಲಿಯೂ ಮನೆಯ ಗೋಡೆಯ ಚಿತ್ರಪಟಗಳಲ್ಲಿಯೂ ಲೇಶ್ಯಾವೃಕ್ಷವನ್ನು ವಾಚಕರು ನೋಡಿಯೇ ಇರುತ್ತಾರೆ. ಹಸಿದ ಆರು ಮಂದಿ ಹಣ್ಣಿನ ಮರದ ಕೆಳಗೆ ಬಂದರು. ಬುಡವನ್ನೇ ಕಡಿಯೋಣವೆಂದವನದು ಕೃಷ್ಣಲೇಶ್ಯೆ, ಕಾಂಡವೆಂದವನದು ನೀಲ, ದೊಡ್ಡ ಕೊಂಬೆಯೆಂದವನದು ಕಾಪೋತ, ಚಿಕ್ಕ ಕೊಂಬೆಯೆಂದವನದು ಪೀತ, ಹಣ್ಣನ್ನಷ್ಟೇ ಕೀಳೋಣವೆಂದವನದು ಪದ್ಮ, ಬಿದ್ದ ಹಣ್ಣೇ ಸಾಕೆಂದವನದು ಶುಕ್ಲ. ಮರವೂ ಒಂದೇ, ಹಸಿವೂ ಒಂದೇ. ಭೇದವಿರುವುದು ಪರಿಣಾಮದಲ್ಲಿ.

ಈಗ ಏಳನೆಯವನೊಬ್ಬ ವೀಣೆಯನ್ನು ಹಿಡಿದು ಆ ಮರದ ಕೆಳಗೆ ಬಂದನೆಂದು ಭಾವಿಸೋಣ. ಅವನಿಗೆ ಯಾವ ಬಣ್ಣವನ್ನು ಕೊಡಬೇಕು? ವೀಣೆಯನ್ನು ನೋಡಿ ಕೊಡುವಂತಿಲ್ಲ. ನುಡಿಸಿ ಮುಗಿಸಿದ ಮೇಲೆ ಅವನು ಏನು ಮಾಡುತ್ತಾನೆಂಬುದನ್ನು ನೋಡಬೇಕು. ಹಾಡಿ ಬೆಳೆಸಿ ಬುಡಸಮೇತ ಕಿತ್ತರೆ ಕೃಷ್ಣಲೇಶ್ಯೆಗೆ ಸಂಗೀತದ ಲೇಪವಾಯಿತೇ ಹೊರತು ಬಣ್ಣ ಬದಲಾಗಲಿಲ್ಲ. ಹಾಡದೆಯೇ, ಗಿಡವನ್ನು ಉಳಿಸಿ ಬೇಕಾದಷ್ಟು ಎಲೆಯನ್ನು ಮಾತ್ರ ಮೃದುವಾಗಿ ಬಿಡಿಸಿಕೊಂಡವನು ಮೇಲಿನ ಮೆಟ್ಟಿಲಲ್ಲಿದ್ದಾನೆ. ಸೊಪ್ಪಿನ ವಿಷಯದಲ್ಲಿ ಇದು ಬರಿಯ ಉಪಮಾನವಲ್ಲ. ಹರಿವೆ, ಪಾಲಕ್, ಬಸಳೆಗಳನ್ನು ಬುಡ ಉಳಿಸಿ ಕೊಯ್ದರೆ ಮತ್ತೆ ಚಿಗುರುತ್ತವೆ. ಅವಸರದ ವ್ಯಾಪಾರದಲ್ಲಿ ಅವನ್ನೂ ಬೇರು ಸಹಿತ ಕಿತ್ತು ಕಂತೆ ಕಟ್ಟುತ್ತಾರೆ. ಗಿಡಕ್ಕೆ ಯಾವ ರಾಗ ಹಿತವೆಂದು ವಿಚಾರಿಸುವ ಮೊದಲು ಅದರ ಬೇರನ್ನು ಉಳಿಸಬಹುದೆ ಎಂದು ವಿಚಾರಿಸುವುದು ಶ್ರಾವಕನಿಗೆ ಒಪ್ಪುವ ಕ್ರಮ.

ವ್ರತದ ನೆಲೆ

ಇಷ್ಟಾದ ಮೇಲೆ, ನಾದದಿಂದ ಬೆಳೆದ ಸೊಪ್ಪನ್ನು ಚತುರ್ದಶಿಯಂದು ಸೇವಿಸಬಹುದೆ ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಹೇಗೆ ಬೆಳೆಯಿತೆಂಬುದರಿಂದ ಅದರ ಹರಿತತ್ವ ಹೋಗುವುದಿಲ್ಲ. ಎಲೆಯ ಜೀವ ಅದೇ ಜೀವ. ಮಡಿಕೆಯಲ್ಲಿ ಅಡಗಿರಬಹುದಾದ ಕ್ಷುದ್ರ ತ್ರಸಗಳು ಅವೇ. ಮೇಲಾಗಿ ಎಲೆ ಎಷ್ಟು ಎಳೆಯದಾಗಿ ದಷ್ಟಪುಷ್ಟವಾಗಿ ಬೆಳೆಯುವುದೋ ರಸನೇಂದ್ರಿಯದ ಸೆಳೆತವೂ ಅಷ್ಟೇ ಬೆಳೆಯುತ್ತದೆ. ಹರಿತಕಾಯ ತ್ಯಾಗದಲ್ಲಿ ಪರರಕ್ಷೆಯೊಂದು, ಆತ್ಮನಿಗ್ರಹವೊಂದು ಎಂಬ ಎರಡು ಅಂಗಗಳಿವೆ. ಹೊಸ ಬೇಸಾಯಕ್ರಮವು ಮೊದಲನೆಯದಕ್ಕೆ ಅಲ್ಪಸ್ವಲ್ಪ ಸಹಾಯ ಮಾಡೀತು. ಎರಡನೆಯದನ್ನು ಯಾವ ಯಂತ್ರವೂ ಯಾರ ಪರವಾಗಿಯೂ ಮಾಡಿಕೊಡಲಾರದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ನಿಯಮ, ಯಮ ಎಂದು ಎರಡಾಗಿ ವಿಂಗಡಿಸಿದರು. ಕಾಲದ ಮಿತಿಯಿಟ್ಟು ಬಿಡುವುದು ನಿಯಮ, ಜೀವಮಾನವೆಲ್ಲ ಬಿಡುವುದು ಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ ಎಂದು ಹಂತಹಂತವಾಗಿ ಏರಲು ಇದರಿಂದ ಸಾಮಾನ್ಯ ಗೃಹಸ್ಥರಿಗೂ ದಾರಿಯಾಯಿತು. ಆ ದಾರಿಯಲ್ಲಿ ನಡೆಯುವವರು ತಮ್ಮನ್ನೂ ಪರೀಕ್ಷಿಸಿಕೊಳ್ಳಬೇಕು. ಚತುರ್ದಶಿಗೆ ಸೊಪ್ಪು ಬಿಡುವವರು ತ್ರಯೋದಶಿಯಂದು ಎರಡು ಪಟ್ಟು ತಂದು ತಿಂದರೆ, ಹುಣ್ಣಿಮೆಯ ಅಡುಗೆಗೆಂದು ಮತ್ತೊಂದು ಕಂತೆಯನ್ನು ಫ್ರಿಜ್ಜಿನಲ್ಲಿ ಕಾದಿರಿಸಿದರೆ, ಗಿಡದ ಪಾಲಿಗೆ ಯಾವ ದಿನವೂ ಉಳಿಯಲಿಲ್ಲ. ಯಂತ್ರದ ಸದ್ದನ್ನು ಪ್ರೀತಿಯೆಂದು ಭ್ರಮಿಸುವ ಬೇಸಾಯಗಾರನಿಗೂ ತಿಥಿಯ ಲೆಕ್ಕವನ್ನೇ ತ್ಯಾಗವೆಂದು ಭ್ರಮಿಸುವ ವ್ರತಿಗೂ ಹೆಚ್ಚಿನ ಅಂತರವಿಲ್ಲ.

ವಿಜ್ಞಾನಿಗಳು ಇನ್ನೂ ಶೋಧಿಸಲಿ. ಗಿಡವು ಕಂಪನವನ್ನು ಹೇಗೆ ಅರಿಯುತ್ತದೆ, ಯಾವ ಕಂಪನಕ್ಕೆ ಹೇಗೆ ಬದಲಾಗುತ್ತದೆ ಎಂಬುದು ತಿಳಿದಷ್ಟೂ ಒಳ್ಳೆಯದೇ. ಜೀವತತ್ತ್ವದ ಅರಿವು ಹೆಚ್ಚಿದರೆ ದಯೆ ಹೆಚ್ಚಲು ಅವಕಾಶವಾಗುತ್ತದೆ. ಬೇಸಾಯ ಮಾಡುವ ಶ್ರಾವಕರು ವಿಷವನ್ನು ತಗ್ಗಿಸುವ ಯಾವ ಸಾಧನವನ್ನಾದರೂ ವಿವೇಕದಿಂದ ಪರೀಕ್ಷಿಸಲಿ. ಸದ್ದಿನ ಮಿತಿಯನ್ನೂ ಆಸೆಯ ಮಿತಿಯನ್ನೂ ಜೊತೆಯಲ್ಲಿಯೇ ಇಟ್ಟುಕೊಳ್ಳಲಿ. ಸೊಪ್ಪು ಕೊಳ್ಳುವವರು ಅದನ್ನು ಬೆಳೆದ ಬಗೆಯನ್ನು ಕೇಳಿ ತಿಳಿಯಲಿ. ಬೇಕಾದಷ್ಟನ್ನೇ ಕೊಂಡು, ಕೊಳೆಯಲು ಬಿಡದೆ, ಬೆಳಕಿನಲ್ಲಿ ಒಂದೊಂದೇ ಎಲೆಯನ್ನು ಶೋಧಿಸಿ ಬಳಸಲಿ. ಮಕ್ಕಳು ಪ್ರಶ್ನೆ ಕೇಳಿದಾಗ ಹಿರಿಯರು ಗದರಿಸದೆ ಕುಳಿತು ಉತ್ತರ ಹೇಳಲಿ. ಪರ್ವದ ದಿನ ಬಂದಾಗ ಹಿತ್ತಲಿನ ಹರಿವೆಯ ಗಿಡದ ಬಳಿಗೆ ಯಾರೂ ಬುಟ್ಟಿ ಹಿಡಿದು ಹೋಗದಿರಲಿ. ಆ ಒಂದು ದಿನ ಎಲೆಗಳು ತಮ್ಮ ಪಾಡಿಗೆ ಗಿಡದಲ್ಲಿಯೇ ಇರುತ್ತವೆ. ಗಿಡಕ್ಕೆ ಗೃಹಸ್ಥನು ನಿಶ್ಚಯವಾಗಿ ಕೊಡಬಲ್ಲ ಅಭಯ ಅಷ್ಟೇ. ಅಷ್ಟನ್ನಾದರೂ ತಪ್ಪದೆ ಕೊಡುವುದೇ ವ್ರತ.